ಒಂದನೇ ನಂಬರ್ ಕೊನೆಗೆ ಬರುತ್ತೆ

ಹೋದ ಶನಿವಾರ ನಮ್ಮ ಪ್ರೆಸ್ಸಿಗೆ ಒಬ್ಬರು ಬಂದರು. ಹದಡಿ ರಸ್ತೆ ಕಡೆ ಹೊಸದಾಗಿ ಹಾರ್ಡ್‌ವೇರ್ ಅಂಗಡಿ ತೆಗೀತಿದಾರಂತೆ. ಬಿಲ್ ಬುಕ್ ಹತ್ತು ಬೇಕು, ಒಂದೊಂದಕ್ಕೆ ಐವತ್ತು ಬಿಲ್ಲು, ಬಿಳಿ ಹಾಳೆ ಕೆಳಗೊಂದು ಗುಲಾಬಿ ಹಾಳೆ. ಕಾಗದ, ಅಳತೆ, ಗಣಪತಿ ಮಧ್ಯಕ್ಕೋ ಮೂಲೆಗೋ, ಎಲ್ಲ ಮಾತಾಡಿ ಅಡ್ವಾನ್ಸೂ ಕೊಟ್ಟ ಮೇಲೆ ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು.

"ನಂಬರ್ ಮಾತ್ರ ಒಂದರಿಂದ ಬ್ಯಾಡ್ರೀ. 501ರಿಂದ ಹಾಕಿ. ಬಂದ ಗಿರಾಕಿಗೆ ಒಂದನೇ ನಂಬರ್ ಬಿಲ್ಲು ಹರಿದು ಕೊಟ್ರೆ ಏನಂದ್ಕಂತಾನೆ?"

ಇದು ನನಗೆ ಹೊಸದಲ್ಲ. ದಾವಣಗೆರೆಯಲ್ಲಿ ಯಾರಿಗೂ ಹೊಸಬರಾಗಿ ಕಾಣೋದು ಬೇಕಿಲ್ಲ. ಬೆಣ್ಣೆ ದೋಸೆ ಹೋಟೆಲಿನ ಬೋರ್ಡು ನೋಡಿ, ನಿನ್ನೆ ತೆಗೆದವನೂ "ಹಳೇ" ಅಂತಲೇ ಬರೆಸ್ತಾನೆ. ಒಂದರಿಂದಲೇ ಶುರು ಮಾಡಿ ಅಂತ ಧೈರ್ಯವಾಗಿ ಹೇಳೋರು ದೇವಸ್ಥಾನದ ಕಮಿಟಿಯವರು ಮಾತ್ರ. ದೇವರಿಗೆ ಗಿರಾಕಿ ತಪ್ಪುವ ಭಯ ಇಲ್ಲ.

ಮಾರನೇ ದಿನ ಭಾನುವಾರ. ಪ್ರೆಸ್ಸಿಗೆ ರಜೆ ಅಂತ ಬೋರ್ಡು ಹಾಕಿ, ಶಟರ್ ಅರ್ಧ ಇಳಿಸಿ ನಾವು ನಾಲ್ಕು ಜನ ಕೂರುವ ಸಂಜೆ. ನಡುವೆ ಮಂಡಕ್ಕಿ-ಮೆಣಸಿನಕಾಯಿ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು, ಊರಿಗೆ ಬಂದಾಗಲೆಲ್ಲ ಬ್ಯಾಗಿನಿಂದ ಒಂದು ಕಾಮಿಕ್ಸ್ ತೆಗೀತಾನೆ. ಈ ಸಲ ತೆಗೆದದ್ದು 'ಆಬ್ಸಲ್ಯೂಟ್ ಬ್ಯಾಟ್‌ಮನ್'. ಮುಖಪುಟದ ಮೂಲೆಯಲ್ಲಿ ಒಂದನೇ ನಂಬರು. ಬ್ಯಾಟ್‌ಮನ್ 1939ರಲ್ಲಿ ಹುಟ್ಟಿದವನು, ನಮ್ಮ ತಾತನ ಓರಗೆ. ಎಂಬತ್ತೈದು ವರ್ಷದ ಹಳೇ ಅಂಗಡಿ, ಹೊಸ ಬಿಲ್ ಬುಕ್ಕು, ಅದರ ಮೇಲೆ ಒಂದು! ನಾನು ಶನಿವಾರದ ಕಥೆ ಹೇಳಿದೆ, ಎಲ್ಲರೂ ನಕ್ಕರು. ನಗು ನಿಂತ ಮೇಲೆ ಜಗಳ ಶುರುವಾಯಿತು.

ಜಗಳಕ್ಕೆ ಮೊದಲು ಜಗಳಗಂಟರ ಪರಿಚಯ. ಒಬ್ಬರು ಮೇಷ್ಟ್ರು, ಹರಿಹರದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡ್ತಾರೆ, ನಮ್ಮಲ್ಲಿ ಅಮೆರಿಕದ ಕಾಮಿಕ್ಸು ಅತಿ ಹೆಚ್ಚು ಓದಿರೋರು ಅವರೇ. ಇನ್ನೊಬ್ಬ ಮೆಕ್ಕೆಜೋಳದ ಬೀಜ ಮಾರುವವನು, ಊರು ಹರಪನಹಳ್ಳಿ, ಅವನನ್ನು ಕರೆಯೋದೂ ಹರಪನಹಳ್ಳಿ ಅಂತಲೇ. ಮೂರನೆಯವನು ನಮ್ಮ ಹುಡುಗ. ನಾನು ಯಾರ ಪಕ್ಷವೂ ಅಲ್ಲ, ಮಂಡಕ್ಕಿಯ ಹತ್ತಿರ ಕೂತವನು.

ಈ ಹೊಸ ಬ್ಯಾಟ್‌ಮನ್ 2024ರ ಅಕ್ಟೋಬರಿನಲ್ಲಿ ಶುರುವಾದದ್ದು. ಕಥೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಾಗೋಟಾ. ಇದರಲ್ಲಿ ಬ್ರೂಸ್ ವೇಯ್ನ್ ಸಾಹುಕಾರನಲ್ಲ. ಅಪ್ಪ ಸ್ಕೂಲ್ ಮೇಷ್ಟ್ರು, ಸತ್ತಿದ್ದಾನೆ, ಅಮ್ಮ ಬದುಕಿದ್ದಾಳೆ. ಬಂಗಲೆ ಇಲ್ಲ. ಮಗ ಎಂಜಿನಿಯರಿಂಗ್ ಓದಿ ಕೆಲಸ ಮಾಡ್ತಾನೆ. ಎದೆಯ ಮೇಲಿನ ಬಾವಲಿ ಗುರುತನ್ನು ಕಿತ್ತರೆ ಕೊಡಲಿ ಆಗುತ್ತೆ. ಆಳೋ, ಅರ್ಧ ಪುಟಕ್ಕೆ ಅಡ್ಡ ನಿಂತ ಹಾಗೆ.

"ಮೇಷ್ಟ್ರ ಮಗ, ಎಂಜಿನಿಯರಿಂಗು. ನಮ್ಮೂರ ಬಿಐಇಟಿ ಕಾಲೇಜು ಹುಡುಗ ಆಗಿರ್ಬೇಕು ಬಿಡು" ಅಂದ ಹರಪನಹಳ್ಳಿ. "ರಾತ್ರಿ ರೌಡಿಗಳನ್ನ ಹೊಡೀತಾನೆ ಅಂದ್ರೆ ಇನ್ನೂ ಬ್ಯಾಕ್ ಇದಾವೆ ಅಂತ ಅರ್ಥ."

ಮೇಷ್ಟ್ರಿಗೆ ನಗು ಬರಲಿಲ್ಲ. ಅವರ ಗಾಯ 2011ರದ್ದು. ಆ ವರ್ಷದ ಆಗಸ್ಟ್ 31ಕ್ಕೆ ಬ್ಯಾಟ್‌ಮನ್, ಸೂಪರ್‌ಮ್ಯಾನ್ ಅಚ್ಚು ಹಾಕುವ ಅಮೆರಿಕದ ಡಿಸಿ ಕಂಪನಿಯವರು ಇದ್ದಬದ್ದ ಸೂಪರ್‌ಹೀರೋ ಪುಸ್ತಕಗಳನ್ನೆಲ್ಲ ನಿಲ್ಲಿಸಿ, ಮುಂದಿನ ತಿಂಗಳೊಳಗೆ 52 ಪುಸ್ತಕಗಳನ್ನು ಒಂದನೇ ನಂಬರಿನಿಂದ ಶುರು ಮಾಡಿದರು. 1938ರಿಂದ ತಪ್ಪದೆ ಎಣಿಸಿಕೊಂಡು ಬಂದಿದ್ದ ಸೂಪರ್‌ಮ್ಯಾನ್‌ನ 'ಆಕ್ಷನ್ ಕಾಮಿಕ್ಸ್' ಕೂಡ 904ಕ್ಕೆ ನಿಂತು ಒಂದಕ್ಕೆ ಬಂತು. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ಹೋಯಿತು. ಲೋಯಿಸ್ ಜೊತೆ ಆಗಿದ್ದ ಮದುವೆ ಆಗಿಯೇ ಇರಲಿಲ್ಲ ಅಂತಾಯಿತು. "ಚಡ್ಡಿ ಹೋದ್ರೆ ಹೋಗ್ಲಿ, ಹೆಂಡತಿ?" ಅನ್ನೋದು ಮೇಷ್ಟ್ರ ಪ್ರಶ್ನೆ, ಹದಿನಾಲ್ಕು ವರ್ಷದಿಂದ ಅದೇ ಪ್ರಶ್ನೆ, ಅದೇ ಸ್ವರ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮೂರಲ್ಲಿ ಡಿಸಿ ಅಂದರೆ ಜಿಲ್ಲಾಧಿಕಾರಿ. ಒಂದು ಸಲ ಇದೇ ಜಗಳ ವಾರದ ದಿನವೇ ನಡೀತಿತ್ತು. "ಡಿಸಿ ಎಲ್ಲಾ ಹಳೇದು ರದ್ದು ಮಾಡಿ ಒಂದರಿಂದ ಶುರು ಮಾಡಿದ್ರು, ಹಳೇ ರೆಕಾರ್ಡಿಗೆ ಬೆಲೆನೇ ಇಲ್ಲ" ಅಂತ ಮೇಷ್ಟ್ರು ಕೂಗಾಡುತ್ತಿದ್ದರು. ಲಗ್ನಪತ್ರಿಕೆ ಪ್ರೂಫ್ ನೋಡೋಕೆ ಬಂದಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು, ಮುಖ ಬಾಡಿಸಿಕೊಂಡು, "ಪಹಣಿನೂ ಹೊಸದಾಗಿ ಮಾಡಿಸ್ಬೇಕೇನಪ್ಪಾ?" ಅಂತ ಕೇಳಿದರು.

ನನಗೆ ಆ 'ಆಕ್ಷನ್ ಕಾಮಿಕ್ಸ್' ನಂಬರಿನ ಲೆಕ್ಕ ಇಷ್ಟ. 2011ರಿಂದ 2016ರ ತನಕ ಹೊಸ ನಂಬರಿನಲ್ಲಿ 52 ಸಂಚಿಕೆ ಬಂದವು. ಆಮೇಲೆ ಡಿಸಿಯವರಿಗೆ ಹಳೇದರ ಮೇಲೆ ಮತ್ತೆ ಪ್ರೀತಿ ಬಂತು. 904ಕ್ಕೆ 52 ಕೂಡಿಸಿ ಮುಂದಿನ ಸಂಚಿಕೆಗೆ 957 ಅಂತ ಹಾಕಿದರು. 2018ರಲ್ಲಿ ಸಾವಿರ ಮುಟ್ಟಿತು, ಕೆಂಪು ಚಡ್ಡಿಯೂ ವಾಪಸ್ ಬಂತು. ಅಂದರೆ ಒಳಗೆ ಯಾರೋ ಒಬ್ಬ ಗುಮಾಸ್ತ ಹಳೇ ಲೆಕ್ಕ ಬಿಡದೆ ಇಟ್ಟುಕೊಂಡಿದ್ದ ಹಾಗೆ. ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನವರದ್ದು ಇನ್ನೂ ಮಜಾ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 1963ರಲ್ಲಿ ಒಂದನೇ ನಂಬರು. ಆಮೇಲೆ 1999, 2014, 2015, 2018, 2022, 2025, ಅಷ್ಟೂ ಸಲ ಮತ್ತೆ ಒಂದು. 2018ರ ಒಂದನೇ ಸಂಚಿಕೆಯ ಮೇಲೆ ಚಿಕ್ಕದಾಗಿ 802 ಅಂತ ಹಳೇ ಲೆಕ್ಕದ ನಂಬರೂ ಇದೆ. ಗಿರಾಕಿಗೊಂದು, ಆಡಿಟರಿಗೊಂದು.

ಯಾಕೆ ಹೀಗೆ ಅಂದರೆ ದುಡ್ಡು, ಇನ್ನೇನು. ಒಂದನೇ ನಂಬರು ಮಾರಾಟ ಆಗುತ್ತೆ. 1991ರಲ್ಲಿ 'ಎಕ್ಸ್-ಮೆನ್' ಹೊಸ ಒಂದನೇ ಸಂಚಿಕೆ ಐದು ಬೇರೆ ಬೇರೆ ಮುಖಪುಟದಲ್ಲಿ 80 ಲಕ್ಷಕ್ಕೂ ಮೇಲೆ ಹೋಯಿತು. ಎಂಬತ್ತು ಲಕ್ಷ! ನನ್ನ ಆಯುಷ್ಯದಲ್ಲಿ ನಾನು ಒಂದೇ ಕೆಲಸಕ್ಕೆ ಅತಿ ಹೆಚ್ಚು ಹೊಡೆದದ್ದು ಒಂದು ಚುನಾವಣೆಯ ಒಂದು ಲಕ್ಷ ಕರಪತ್ರ, ಅದಕ್ಕೇ ಮೂರು ದಿನ ನಿದ್ದೆ ಇರಲಿಲ್ಲ. ಮುಂದೆ ಬೆಲೆ ಬರುತ್ತೆ ಅಂತ ಜನ ಅದನ್ನು ಓದದೆ ಪ್ಲಾಸ್ಟಿಕ್ಕಿನಲ್ಲಿ ಇಟ್ಟರು. ಎಲ್ಲರ ಮನೆಯಲ್ಲೂ ಇದ್ದರೆ ಬೆಲೆ ಎಲ್ಲಿಂದ ಬರಬೇಕು? ಗಾಳಿಗುಳ್ಳೆ ಒಡೆಯಿತು, 1996ರ ಕೊನೆಗೆ ಮಾರ್ವೆಲ್ ಕಂಪನಿ ದಿವಾಳಿ ಅರ್ಜಿ ಹಾಕಿತು.

"ಹೊಸ ಓದುಗರು ಬರಬೇಕಲ್ಲ ಮಾಮಾ" ಅಂದ ಹುಡುಗ. "ಒಂಬೈನೂರ ಐದನೇ ಸಂಚಿಕೆ ಕೊಟ್ಟು ಓದು ಅಂದ್ರೆ ಯಾರು ಓದ್ತಾರೆ? ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ."

ನನಗೆ ಮಾತು ಬಂದದ್ದು ಇಲ್ಲೇ. ಯಾಕಂದರೆ ನಾವು ಯಾರೂ ಯಾವತ್ತೂ ಯಾವುದನ್ನೂ ಶುರುವಿನಿಂದ ಓದಿದವರೇ ಅಲ್ಲ.

ಚೌಕಿಪೇಟೆಯ ಒಂದು ಓಣಿಯಲ್ಲಿ ಒಂದು ರದ್ದಿ ಅಂಗಡಿ ಇತ್ತು. ನಾನು ಐದನೇ ಕ್ಲಾಸು ಆರನೇ ಕ್ಲಾಸು ಇದ್ದಾಗ ಅಲ್ಲಿ ಕಾಮಿಕ್ಸು ತೂಕಕ್ಕೆ ಸಿಗುತ್ತಿತ್ತು. ಬಾಲಮಂಗಳ, ಚಂದಮಾಮ, ಇಂದ್ರಜಾಲ, ಎಲ್ಲಿಂದಲೋ ಬಂದ ಇಂಗ್ಲಿಷು, ಎಲ್ಲ ಒಂದೇ ತಕ್ಕಡಿ. ಅಂಗಡಿಯವರು ಪೊಟ್ಟಣಕ್ಕೆ ಅಂತ ಮೊದಲು ಮುಖಪುಟ ಕೀಳುತ್ತಿದ್ದರು, ಅದು ದಪ್ಪ ಕಾಗದ. ಹಾಗಾಗಿ ನಮ್ಮ ಕೈಗೆ ಬಂದ ಯಾವ ಪುಸ್ತಕಕ್ಕೂ ನಂಬರೇ ಇರುತ್ತಿರಲಿಲ್ಲ. ಕೆಲವಕ್ಕೆ ಕೊನೆಯ ಹಾಳೆಯೂ ಇಲ್ಲ. ಡಿಂಗ, ಅದೇ ಬಾಲಮಂಗಳದ ಹಾರುವ ಇಲಿ, ಬಾವಿಗೆ ಬಿದ್ದ ಮರಿಯನ್ನು ಎತ್ತಲು ಹೊರಟ ಒಂದು ಪುಟ ನನಗೆ ಮೆಣಸಿನಕಾಯಿ ಸುತ್ತಿಕೊಂಡು ಸಿಕ್ಕಿತ್ತು. ಎಣ್ಣೆ ಹೀರಿ ಕಾಗದ ಪಾರದರ್ಶಕವಾಗಿ, ಹಿಂದಿನ ಪುಟದ ಚುಕ್ಕಿ ಸೇರಿಸುವ ಆಟದ ಆನೆ ಮುಂದಿನ ಪುಟದ ಬಾವಿಯಲ್ಲೇ ಕೂತಿತ್ತು. ನನ್ನ ಮಟ್ಟಿಗೆ ಡಿಂಗ ಕಾಪಾಡಿದ್ದು ಆ ಆನೆಯನ್ನು. ಇವತ್ತಿಗೂ.

ಅದೇ ಅಂಗಡಿಯಲ್ಲಿ ನನ್ನ ಸ್ಪೈಡರ್‌ಮ್ಯಾನ್ ಸಿಕ್ಕಿದ್ದು. ಮುಖಪುಟ ಇಲ್ಲ, ಹಿಂದಿನ ಎರಡು ಹಾಳೆ ಇಲ್ಲ. ನನ್ನ ಇಂಗ್ಲಿಷು ಆಗ ಬಹಳ ಅಂದರೆ "ಮೈ ನೇಮ್ ಈಸ್". ಚಿತ್ರ ನೋಡಿಯೇ ಅರ್ಥ ಮಾಡಿಕೊಂಡೆ. ಒಬ್ಬ ಮನುಷ್ಯ ಕಿಟಕಿಯಿಂದ ಮನೆ ಒಳಗೆ ಬರ್ತಾನೆ, ಬಟ್ಟೆ ಹರಿದಿದೆ. ಕೆಂಪು ಕೂದಲಿನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ನಮ್ಮಪ್ಪ ಪ್ರೆಸ್ಸಿನಿಂದ ರಾತ್ರಿ ಹನ್ನೊಂದಕ್ಕೆ ಮಸಿ ಕೈಯಲ್ಲಿ ಬಂದಾಗ ಅಮ್ಮ ನಿಲ್ಲುತ್ತಿದ್ದದ್ದು ಥೇಟ್ ಹಾಗೆ. ಜೇಡ ಕಚ್ಚಿದ್ದು, ದೊಡ್ಡಪ್ಪ ಸತ್ತದ್ದು, ಯಾವುದೂ ಗೊತ್ತಿಲ್ಲ. ನನಗೆ ಸ್ಪೈಡರ್‌ಮ್ಯಾನ್ ಅಂದರೆ ತಡವಾಗಿ ಮನೆಗೆ ಬರುವ, ಹೆಂಡತಿಗೆ ಉತ್ತರ ಕೊಡಬೇಕಾದ ಗಂಡಸು. ಅದಕ್ಕಿಂತ ಒಳ್ಳೆಯ ಶುರು ಯಾವ ಒಂದನೇ ನಂಬರು ಕೊಡ್ತಿತ್ತು ಹೇಳಿ.

ಅವರ ಮದುವೆ ಆದದ್ದು 1987ರಲ್ಲಿ. 2007ರಲ್ಲಿ ಮಾರ್ವೆಲ್‌ನವರು ಆ ಮದುವೆಯನ್ನು ಅಳಿಸಿದರು. ಡೈವೋರ್ಸ್ ಅಲ್ಲ, ಅಳಿಸಿದ್ದು. ಗುಂಡೇಟು ತಿಂದ ದೊಡ್ಡಮ್ಮನ ಜೀವ ಉಳಿಸಲು ಗಂಡ ಹೆಂಡತಿ ಇಬ್ಬರೂ ಮೆಫಿಸ್ಟೋ ಅನ್ನುವ ಸೈತಾನನಿಗೆ ತಮ್ಮ ಮದುವೆಯನ್ನೇ ಕೊಡ್ತಾರೆ, ಮದುವೆ ನಡೆದೇ ಇಲ್ಲ ಅಂತ ಲೋಕ ಬದಲಾಗುತ್ತೆ. ಎರಡು ವರ್ಷ ತಡವಾಗಿ, ವಿದ್ಯಾನಗರದ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ನನಗೆ ಈ ಸುದ್ದಿ ತಿಳಿಯಿತು. ಆಗ ತಾನೇ ನನ್ನ ಮದುವೆ ಮಾತುಕತೆ ನಡೀತಿತ್ತು. ಅಪಶಕುನ ಅನ್ನಿಸಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

"ನಿಮ್ದೊಂದು ಗೋಳು" ಅಂದ ಹರಪನಹಳ್ಳಿ. ಇವನ ವಾದ ಕೇಳಬೇಕು ನೀವು. "ನಾನು ಹುಟ್ಟಿದ್ದು ಬಳ್ಳಾರಿ ಜಿಲ್ಲೆ. ಹೈಸ್ಕೂಲಿಗೆ ಬರೋ ಹೊತ್ತಿಗೆ ದಾವಣಗೆರೆ ಜಿಲ್ಲೆ. ಆಮೇಲೆ 371ಜೆ ಮೀಸಲಾತಿ ಬಂತು ಅಂತ ವಾಪಸ್ ಬಳ್ಳಾರಿ. 2021ಕ್ಕೆ ವಿಜಯನಗರ ಜಿಲ್ಲೆ. ನಮ್ಮ ಮನೆ ಹೊಸ್ತಿಲು ಒಂದಿಂಚು ಅಲುಗಾಡಿಲ್ಲ. ನಿಮ್ಮ ಸೂಪರ್‌ಮ್ಯಾನಿಗೆ ಎಷ್ಟು ಸಲ ಆಗ್ಯದೆ? ನನಗೆ ಮೂರು."

ಇದಕ್ಕೆ ಮೇಷ್ಟ್ರ ಹತ್ತಿರವೂ ಉತ್ತರ ಇರಲಿಲ್ಲ.

ಅವನು ಹೇಳಿದ್ದು ಕೇಳಿ ನನಗೆ 1997 ನೆನಪಾಯಿತು. ಆ ವರ್ಷದ ಆಗಸ್ಟ್ 15ರ ತನಕ ನಾವು ಚಿತ್ರದುರ್ಗ ಜಿಲ್ಲೆ. ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆಯನ್ನು ಜಿಲ್ಲೆ ಮಾಡಿತು. ಮುಂದಿನ ತಿಂಗಳೇ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾದದ್ದು, ಹಾಗಾಗಿ ನನ್ನ ತಲೆಯಲ್ಲಿ ಇವೆರಡೂ ಒಂದೇ ಗಂಟು. ಅಪ್ಪ ಆಗ ಕಂಪೋಸಿಟರ್, ಅಚ್ಚಿನ ಮೊಳೆ ಜೋಡಿಸುವ ಕೆಲಸ. ಊರಿನ ಪ್ರತಿ ಅಂಗಡಿ, ಪ್ರತಿ ಆಫೀಸು, ಪ್ರತಿ ಸಂಘ ಹೊಸ ಲೆಟರ್‌ಹೆಡ್ ಮಾಡಿಸಬೇಕಾಯಿತು. ಹಳೇದರಲ್ಲಿ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಿತ್ತು. ಹೊಸದರಲ್ಲಿ "ದಾವಣಗೆರೆ, ದಾವಣಗೆರೆ ಜಿಲ್ಲೆ". ಒಂದೇ ಸಾಲಿನಲ್ಲಿ ಎರಡೆರಡು ಸಲ! ಕೇಸಿನಲ್ಲಿದ್ದ ದಾ, ಗೆ, ರೆ ಮೊಳೆಗಳು ಸಾಲದೆ ಬಂದವು. ಒಂದು ಲೆಟರ್‌ಹೆಡ್ ಹೊಡೆದು, ಬಿಚ್ಚಿ, ಅದೇ ಮೊಳೆ ಇನ್ನೊಂದಕ್ಕೆ ಜೋಡಿಸಿ, ರಾತ್ರಿ ಎರಡರ ತನಕ. ಆ ದೀಪಾವಳಿಗೆ ನಮಗೆ ಎರಡೆರಡು ಜೊತೆ ಬಟ್ಟೆ. ಹೀಗೆ ಹೊಸದಾಗಿ ಶುರು ಮಾಡೋ ರೀಲಾಂಚ್‌ನಿಂದ ಪ್ರಿಂಟರಿಗೆ ಲಾಭ ಅನ್ನೋದು ಅಮೆರಿಕದವರು ನನಗೆ ಕಲಿಸಬೇಕಾಗಿಲ್ಲ.

ಆದರೂ ನನ್ನ ಶಾಲೆಯ ಗುರುತಿನ ಚೀಟಿಯಲ್ಲಿ ಚಿತ್ರದುರ್ಗ ಅಂತಲೇ ಇತ್ತು. ಮೇಲೆ ಪೆನ್ನಿನಲ್ಲಿ ಒಂದು ಗೀಟು, ಪಕ್ಕದಲ್ಲಿ ದಾವಣಗೆರೆ. ಹಳೇದು ಓದಲು ಬರುತ್ತಿತ್ತು. ನನಗೆ ಆ ಗೀಟು ಸರಿ ಕಾಣುತ್ತೆ. ಬೇರೆ ಲೋಕದಲ್ಲಿ ಬೇರೆ ಬ್ಯಾಟ್‌ಮನ್ ಇದ್ದಾನೆ, ಹಳೆಯವನು ಅವನ ಪಾಡಿಗೆ ಅವನ ಬಂಗಲೆಯಲ್ಲಿ ಇದ್ದಾನೆ ಅಂದರೆ ನನ್ನ ತಕರಾರಿಲ್ಲ. 'ಆಬ್ಸಲ್ಯೂಟ್' ಮಾಡಿರೋದು ಅದನ್ನೇ. 2024ರ ಜನವರಿಯಲ್ಲಿ ಶುರುವಾದ ಹೊಸ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಕೂಡ ಅದನ್ನೇ. ಅದರಲ್ಲಿ ಸ್ಪೈಡರ್‌ಮ್ಯಾನ್ ಆಗುವ ಪೀಟರ್‌ಗೆ ಮೊದಲೇ ಮದುವೆಯಾಗಿ ಎರಡು ಮಕ್ಕಳಾಗಿ ಆಮೇಲೆ ಶಕ್ತಿ ಬರುತ್ತೆ. ಗಡ್ಡ ಬೇರೆ ಬಿಟ್ಟಿದ್ದಾನೆ. ಹುಡುಗ ಅದನ್ನು ಮೊಬೈಲಿನಲ್ಲಿ ತೋರಿಸಿದಾಗ ರದ್ದಿ ಅಂಗಡಿಯಲ್ಲಿ ಕಳೆದುಹೋದ ನನ್ನ ಆ ಎರಡು ಹಾಳೆ ಯಾರೋ ತಂದುಕೊಟ್ಟ ಹಾಗಾಯಿತು. ಆದರೆ ಅಚ್ಚಾದ ಹಾಳೆಯನ್ನು ಅಚ್ಚಾಗಿಯೇ ಇಲ್ಲ ಅನ್ನೋದು, ಅದನ್ನು ನನ್ನ ಕೈಯಲ್ಲಿ ಒಪ್ಪಲು ಆಗಲ್ಲ.

ಮೇಷ್ಟ್ರು ತಮ್ಮ ಕಡೆಯ ಅಸ್ತ್ರ ತೆಗೆದರು, ಪಂಪ. ಹತ್ತನೇ ಶತಮಾನದಲ್ಲೇ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ, ಉಳಿದ ನಾಲ್ವರನ್ನು ಅಳಿಸಿದ. ಕಾರಣ, ಅರ್ಜುನನನ್ನು ತನ್ನ ದೊರೆ ಅರಿಕೇಸರಿಗೆ ಸಮ ಮಾಡಿ ಬರೆಯುತ್ತಿದ್ದ, ದೊರೆಯ ಹೆಂಡತಿಗೆ ಐದು ಗಂಡಂದಿರು ಅಂದರೆ ಸರಿಹೋಗಲ್ಲ. ಇದು ಮೇಷ್ಟ್ರ ವಾದಕ್ಕೇ ಉಲ್ಟಾ ಹೊಡೆಯಿತು. "ಮತ್ತೆ ಪಂಪನ್ನ ಬೈಯಲ್ವಲ್ಲ ನೀವು?" ಅಂದ ಹುಡುಗ. ಮೇಷ್ಟ್ರು ಮೆಣಸಿನಕಾಯಿ ಕಚ್ಚಿ, ಖಾರಕ್ಕೋ ಸಿಟ್ಟಿಗೋ ಕಣ್ಣು ಕೆಂಪು ಮಾಡಿಕೊಂಡು, "ಪಂಪ ವ್ಯಾಸನ ಪುಸ್ತಕ ನಿಲ್ಲಿಸಿರ್ಲಿಲ್ಲ ಕಣೋ. ಅದೂ ನಡೀತಿತ್ತು, ಇದೂ ನಡೀತಿತ್ತು" ಅಂದರು. ಒಳ್ಳೆ ಉತ್ತರ. ನನ್ನ ಗುರುತಿನ ಚೀಟಿಯ ಗೀಟಿನ ಉತ್ತರವೇ, ಸ್ವಲ್ಪ ಹಳಗನ್ನಡದಲ್ಲಿ.

ಹರಪನಹಳ್ಳಿಯವನದ್ದು ಫ್ಯಾಂಟಮ್ ಪಕ್ಷ. 1936ರಲ್ಲಿ ಲೀ ಫಾಕ್ ಶುರು ಮಾಡಿದ ಕಥೆ, 1536ರಿಂದ ಅಪ್ಪನಿಂದ ಮಗನಿಗೆ ಮುಖವಾಡ, ಈಗಿನವನು 21ನೆಯವನು. ಕಾಡಿನ ಜನಕ್ಕೆ ಮಾತ್ರ ಅವನು ಸಾಯದ ಒಬ್ಬನೇ. "ಮಂಡಿಪೇಟೆ ಅಂಗಡಿ ಇದ್ದಂಗೆ. ಅಪ್ಪ ಹೋದ್ರೆ ಅದೇ ಗಾದಿ ಮೇಲೆ ಮಗ ಕೂರ್ತಾನೆ. ಬೋರ್ಡು ಅದೇ, ತಕ್ಕಡಿ ಅದೇ." ಇದಕ್ಕೂ ಯಾರೂ ಎದುರಾಡಲಿಲ್ಲ. ಅವನಿಗೆ ಆ ದಿನ ಮಾತು ಕೂಡಿಬಂದಿತ್ತು.

ನಾನು ಹೇಳಿದ ಒಂದೇ ಒಂದು ಕಥೆ ಹಲ್ಕ್‌ನದ್ದು, ಅದು ನಮ್ಮ ಜಾತಿಯ ಕಥೆ, ಪ್ರಿಂಟರ್‌ಗಳದ್ದು. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣ. ಆ ಕಾಲದ ಅಚ್ಚಿನಲ್ಲಿ ಬೂದು ಒಂದೇ ಸಮ ನಿಲ್ಲಲಿಲ್ಲ, ಪುಟದಿಂದ ಪುಟಕ್ಕೆ ಬಣ್ಣ ಬದಲಾಯಿತು. ಎರಡನೇ ಸಂಚಿಕೆಗೆ ಹಸಿರು ಮಾಡಿಬಿಟ್ಟರು. ಬೂದು ಬಣ್ಣದ ಕಷ್ಟ ನನ್ನನ್ನು ಕೇಳಿ. ನೀಲಿ ಒಂಚೂರು ಜಾಸ್ತಿಯಾದರೆ ಶವದ ಹಾಗೆ, ಕೆಂಪು ಜಾಸ್ತಿಯಾದರೆ ಮಾಂಸದಂಗಡಿ ಹಾಗೆ. ಶ್ರದ್ಧಾಂಜಲಿ ಕಾರ್ಡಿನ ಬೂದು ಹಿನ್ನೆಲೆಗೆ ನಾನು ಎಷ್ಟು ಹಾಳೆ ಕೆಡಿಸಿದ್ದೇನೋ. ಆ ಮಂಡಕ್ಕಿ ಹರಡಿಕೊಂಡಿದ್ದದ್ದೂ ಅಂಥದ್ದೇ ಕೆಟ್ಟ ಹಾಳೆಯ ಮೇಲೆ. ಯಾರದೋ ಅಜ್ಜ, ನಾಲ್ಕು ಸಲ, ನಾಲ್ಕು ಬಣ್ಣದಲ್ಲಿ.

ಒಂಬತ್ತಕ್ಕೆ ಎಲ್ಲರೂ ಎದ್ದರು. ಮೇಷ್ಟ್ರಿಗೆ ಹರಿಹರದ ಬಸ್ಸು, ಹುಡುಗನಿಗೆ ರಾತ್ರಿ ರೈಲು. ಹೋಗುವಾಗ ಹುಡುಗ 2023ರ ಸ್ಪೈಡರ್‌ಮ್ಯಾನ್ ಆನಿಮೇಷನ್ ಸಿನಿಮಾ ಕನ್ನಡದಲ್ಲೇ ಬಂದದ್ದನ್ನು ನೆನಪಿಸಿದ, ಅದರಲ್ಲಿ ಪವಿತ್ರ್ ಪ್ರಭಾಕರ್ ಅಂತ ನಮ್ಮ ದೇಶದ ಸ್ಪೈಡರ್‌ಮ್ಯಾನೂ ಇದ್ದಾನೆ. ನಮ್ಮ ಕಾಲದಲ್ಲಿ ಇದು ಇದ್ದಿದ್ದರೆ ಅಂತ ಮೂವರೂ ಒಂದು ನಿಮಿಷ ಸುಮ್ಮನಾದೆವು.

ಅವರು ಹೋದ ಮೇಲೆ ನಾನು ಹಾರ್ಡ್‌ವೇರಿನವರ ಕೆಲಸಕ್ಕೆ ಕೂತೆ. ಬಿಲ್ಲಿನ ಹಾಳೆ ಆಫ್‌ಸೆಟ್ಟಿನಲ್ಲಿ ಆಗಿತ್ತು, ನಂಬರು ಮಾತ್ರ ಇನ್ನೂ ಅಪ್ಪನ ಹಳೇ ಟ್ರೆಡಲ್ ಮಷೀನಿನಲ್ಲೇ ಹೊಡೀತೀನಿ. ನಂಬರಿಂಗ್ ಡಬ್ಬಿ ಅಂದರೆ ಹೆಬ್ಬೆರಳಿನಷ್ಟು ಉದ್ದದ ಕಬ್ಬಿಣ, ಒಳಗೆ ಆರು ಚಕ್ರ. ಪ್ರತಿ ಒತ್ತಿಗೆ ಒಂದು ಚಕ್ರ ಟಿಕ್ ಅಂತ ಒಂದು ಹಲ್ಲು ತಿರುಗುತ್ತೆ. ನಮ್ಮದು ಹಿಂದಕ್ಕೆ ಎಣಿಸುವ ಡಬ್ಬಿ. ಹೊಡೆದ ಹಾಳೆ ಒಂದರ ಮೇಲೊಂದು ಬೀಳುತ್ತಾ ಹೋಗುತ್ತಲ್ಲ, ಕೊನೆಗೆ ಬಿದ್ದದ್ದು ಮೇಲೆ ಬರುತ್ತೆ. ಅದಕ್ಕೇ ಸಾವಿರದಿಂದ ಶುರು ಮಾಡಿ ಕೆಳಕ್ಕೆ ಇಳಿಯಬೇಕು. ಒಂದನೇ ನಂಬರು ಯಾವತ್ತೂ ಕೊನೆಯ ಹಾಳೆ. ಒಮ್ಮೆ ಒಬ್ಬ ಅಡಿಕೆ ವ್ಯಾಪಾರಿಯ ಬಿಲ್ ಬುಕ್ಕಿನಲ್ಲಿ ಚಕ್ರ ಸಿಕ್ಕಿಹಾಕಿಕೊಂಡು ಮೂವತ್ತು ಹಾಳೆಗೆ 437 ಅಂತಲೇ ಬಿತ್ತು, ನಾನು ನೋಡದೆ ಬೈಂಡ್ ಮಾಡಿ ಕೊಟ್ಟೆ. ಅವರು ಬೈದದ್ದು ಬರೆಯುವ ಹಾಗಿಲ್ಲ. ಆವತ್ತಿನಿಂದ ನೂರು ಹಾಳೆಗೊಮ್ಮೆ ನಿಲ್ಲಿಸಿ ನೋಡ್ತೀನಿ. ಈ ಸಲ ಎಲ್ಲ ಸರಿ ಇಳಿಯಿತು. 503, 502, 501. ನಿಲ್ಲಿಸಿದೆ.

ಸೋಮವಾರ ಬೆಳಿಗ್ಗೆ ಅವರು ಬಂದರು. ಪುಸ್ತಕ ಕೈಗೆತ್ತಿಕೊಂಡು, ಹಾಳೆಗಳನ್ನು ಹೆಬ್ಬೆರಳಿನಲ್ಲಿ ಬಿರ್ರನೆ ಬಿಟ್ಟು, ಮೊದಲನೇ ಬಿಲ್ಲಿನ ಮೇಲಿನ ನಂಬರು ನೋಡಿ ಖುಷಿಯಾದರು. ಬಾಕಿ ದುಡ್ಡು ಎಣಿಸುತ್ತಾ ಏನೋ ಅನುಮಾನ ಬಂದು ನಿಂತರು.

"ಅಲ್ರೀ, ಯಾರಾದ್ರೂ ಐನೂರರ ತನಕದ್ದು ಎಲ್ಲೈತೆ ಅಂದ್ರೆ?"

"ರದ್ದಿಗೆ ಹೋತು ಅನ್ನಿ" ಅಂದೆ.